ಕುಡಿತ ಮತ್ತು ಹರೆಯದ ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರಿಗೆ, ಅವರ ಅಪ್ಪ ಅಮ್ಮಂದಿರಿಗೆ, ಅಣ್ಣ ಅಕ್ಕಂದಿರಿಗೆ, ಹಾಸ್ಟೆಲ್ ಗೆಳೆಯರಿಗೆ ಈ ಪುಟ. ಕುಡಿತವನ್ನೂ ಮನಸ್ಸಿನ ನೋವನ್ನೂ ಇಲ್ಲಿ ಒಟ್ಟಿಗೇ ಇಟ್ಟಿದ್ದೇನೆ. ಒಂದನ್ನು ಮರೆತು ಇನ್ನೊಂದಕ್ಕೆ ಮದ್ದು ಹುಡುಕಲು ಹೋಗಿ ಎಷ್ಟೋ ಮಕ್ಕಳು ಕೈತಪ್ಪುತ್ತಾರೆ. "ಇನ್ನೂ ಅಷ್ಟೇನು ಕೆಟ್ಟಿಲ್ಲ, ನೋಡೋಣ" ಎಂದು ಕಾಯುತ್ತಾ ಕೂತು ಇನ್ನಷ್ಟು ಮಕ್ಕಳು.

ನಿಮ್ಮ ಎದುರಿಗೆ ಯಾರಾದರೂ ಕುಡಿದು ಎಚ್ಚರ ತಪ್ಪಿದ್ದರೆ ಅಥವಾ ಫಿಟ್ಸ್ ಬಂದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ವಾಂತಿ ಗಂಟಲಿಗೆ ಸಿಕ್ಕಿಕೊಳ್ಳದಿರಲಿ. "ಮಲಗಿ ಎದ್ದರೆ ಸರಿಹೋಗುತ್ತಾನೆ" ಎಂದು ಒಂಟಿಯಾಗಿ ಬಿಟ್ಟು ಹೋಗಬೇಡಿ.

ವಾರಕ್ಕೊಂದು ಸಲ ಫ್ರೆಂಡ್ಸ್ ಜೊತೆ ಕುಡಿಯುತ್ತೇನೆ, ಅಷ್ಟೇ. ಇದನ್ನು ಚಟ ಅನ್ನಬಹುದಾ?

ಎಷ್ಟು ದಿನಕ್ಕೊಮ್ಮೆ ಅನ್ನುವುದೊಂದನ್ನೇ ನೋಡಿ ಹೇಳಲಾಗದು. ವೈದ್ಯರು ಆರು ವಿಷಯ ನೋಡುತ್ತಾರೆ. ಕುಡಿಯಲೇಬೇಕು ಅನ್ನುವ ಬಲವಾದ ತುಡಿತ ಇದೆಯಾ? ಶುರು ಮಾಡಿದ ಮೇಲೆ ಎಲ್ಲಿ ನಿಲ್ಲಿಸಬೇಕು ಅನ್ನುವ ಹಿಡಿತ ತಪ್ಪುತ್ತಿದೆಯಾ? ಮೊದಲು ಎರಡು ಪೆಗ್‌ಗೆ ಏರುತ್ತಿದ್ದದ್ದು ಈಗ ನಾಲ್ಕಾದರೂ ಏರುತ್ತಿಲ್ಲವಾ? ಕುಡಿಯದ ದಿನ ಕೈ ನಡುಗುತ್ತದಾ, ಬೆವರುತ್ತೀರಾ? ಕ್ರಿಕೆಟ್, ಓದು, ಮನೆಯವರ ಜೊತೆಗಿನ ಸಮಯ ಎಲ್ಲ ಒಂದೊಂದಾಗಿ ಹಿಂದೆ ಸರಿಯುತ್ತಿವೆಯಾ? ಕೆಡುಕಾಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಸುತ್ತಿದ್ದೀರಾ? ಕಳೆದ ಒಂದು ವರ್ಷದಲ್ಲಿ ಇವುಗಳಲ್ಲಿ ಮೂರು ಒಟ್ಟಿಗೆ ಕಂಡಿದ್ದರೆ ಅದು ಅವಲಂಬನೆ. ವೈದ್ಯರನ್ನು ನೋಡಲೇಬೇಕು.

ಅಷ್ಟಕ್ಕೆ ಬಂದಿಲ್ಲ ಅಂದರೆ ಸುರಕ್ಷಿತ ಅಂತಲೂ ಅಲ್ಲ. ವಾರವಿಡೀ ಮುಟ್ಟದೆ ಶನಿವಾರ ರಾತ್ರಿ ಒಂದೇ ಕೂತಲ್ಲಿ ಎಂಟು ಪೆಗ್ ಇಳಿಸುವವರಿಗೆ ಅಪಘಾತ, ಜಗಳ, ಎಚ್ಚರ ತಪ್ಪುವುದು ಎಲ್ಲ ಆ ರಾತ್ರಿಯೇ ಕಾದಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪರೀಕ್ಷೆ ಇದೆ. ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರಿಕೆ ಬೇಕು. 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅವಲಂಬನೆ ಇರಬಹುದು, ತಜ್ಞರೇ ನೋಡಬೇಕು. ಉತ್ತರಗಳನ್ನು ಒಬ್ಬರೇ ಕೂತು ಬರೆಯಿರಿ. ಗೆಳೆಯರ ಮಧ್ಯೆ ಕೂತು ಬರೆದರೆ ಯಾರೂ ನಿಜ ಬರೆಯುವುದಿಲ್ಲ.

ನಾನು ಬಿಯರ್ ಮಾತ್ರ ಕುಡಿಯೋದು. ಅದು ಹಾರ್ಡ್ ಅಲ್ವಲ್ಲಾ?

ಲೆಕ್ಕ ಹಾಕಿ ನೋಡೋಣ. ಒಂದು ಸ್ಮಾಲ್ ಪೆಗ್, ಅಂದರೆ 30 ಎಂಎಲ್ ವಿಸ್ಕಿ ಅಥವಾ ರಮ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೊಹಾಲ್ ಇರುತ್ತದೆ. 8 ಪರ್ಸೆಂಟ್‌ನ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ ಸುಮಾರು 40 ಗ್ರಾಂ. ಅಂದರೆ ಒಂದು ಸ್ಟ್ರಾಂಗ್ ಬಿಯರ್ ಕುಡಿದರೆ ನಾಲ್ಕು ಸ್ಮಾಲ್ ಪೆಗ್ ಕುಡಿದಷ್ಟು. ನೈಂಟಿ ಪ್ಯಾಕೆಟ್ ಅಂದರೆ ಮೂರು ಸ್ಮಾಲ್, ಕ್ವಾರ್ಟರ್ ಅಂದರೆ ಆರು. ನಮ್ಮ ಲಿವರ್ ಒಂದು ಸ್ಮಾಲ್ ಕರಗಿಸಲು ಹೆಚ್ಚುಕಡಿಮೆ ಒಂದು ಗಂಟೆ ತೆಗೆದುಕೊಳ್ಳುತ್ತದೆ. ಕಾಫಿ, ನಿಂಬೆರಸ, ತಣ್ಣೀರ ಸ್ನಾನ ಯಾವುದೂ ಅದನ್ನು ಬೇಗ ಮಾಡಿಸುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಎರಡು ಸ್ಟ್ರಾಂಗ್ ಮುಗಿಸಿದವರ ರಕ್ತದಲ್ಲಿ ಬೆಳಿಗ್ಗೆ ಬೈಕ್ ಹತ್ತುವಾಗಲೂ ಆಲ್ಕೊಹಾಲ್ ಇರಬಹುದು.

ಟೆನ್ಶನ್ ಇದ್ದಾಗ ಕುಡಿದರೆ ತಲೆ ಹಗುರ ಆಗುತ್ತೆ. ಅದರಲ್ಲಿ ತಪ್ಪೇನು?

ಹಗುರ ಆಗುವುದು ನಿಜ. ಅದನ್ನು ಸುಳ್ಳು ಅಂದರೆ ಯಾರೂ ನಮ್ಮ ಮುಂದಿನ ಮಾತು ಕೇಳುವುದಿಲ್ಲ. ಆಲ್ಕೊಹಾಲ್ ಮೆದುಳನ್ನು ಶಾಂತ ಮಾಡುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಜಾಸ್ತಿ ಮಾಡುತ್ತದೆ, ಉದ್ರೇಕಿಸುವ ಗ್ಲುಟಮೇಟ್‌ನ ಕೆಲಸವನ್ನು ಕಡಿಮೆ ಮಾಡುತ್ತದೆ. ಅದಕ್ಕೇ ಮೊದಲ ಪೆಗ್‌ಗೆ ಎದೆಯ ಭಾರ ಇಳಿದಂತೆ ಅನಿಸುವುದು, ನಾಲ್ಕು ಜನರ ಮುಂದೆ ಮಾತಾಡಲು ಧೈರ್ಯ ಬರುವುದು.

ತೊಂದರೆ ಆಮೇಲಿನದು. ದಿನಾ ಹೀಗಾದರೆ ಮೆದುಳು ತನ್ನ ಸಮತೋಲ ಉಳಿಸಿಕೊಳ್ಳಲು ಉದ್ರೇಕದ ಕಡೆಯನ್ನು ಬಲ ಮಾಡಿಕೊಳ್ಳುತ್ತದೆ. ಯಾರೋ ಸದಾ ಬ್ರೇಕ್ ಒತ್ತಿ ಹಿಡಿದಿದ್ದಾರೆ ಅಂತ ಎಕ್ಸಲರೇಟರನ್ನು ಇನ್ನೂ ಜೋರಾಗಿ ತುಳಿದ ಹಾಗೆ. ಕುಡಿದದ್ದು ಇಳಿದಾಗ ಬ್ರೇಕ್ ಹೋಗುತ್ತದೆ, ತುಳಿತ ಹಾಗೇ ಇರುತ್ತದೆ. ಮಾರನೆಯ ಬೆಳಿಗ್ಗೆ ಕಾರಣವಿಲ್ಲದೆ ಎದೆ ಢವಢವ ಅನ್ನುವುದು, ಮೊಬೈಲ್ ರಿಂಗಾದರೂ ಬೆಚ್ಚಿಬೀಳುವುದು, ಏನೋ ಕೆಟ್ಟದಾಗುತ್ತದೆ ಅನ್ನುವ ಭಯ ಎಲ್ಲ ಇದರಿಂದಲೇ. ಆ ಭಯ ತಡೆಯಲಾಗದೆ ಸಂಜೆ ಮತ್ತೆ ಕುಡಿಯುತ್ತೀರಿ. ಆತಂಕಕ್ಕೆ ಮದ್ದು ಅಂತ ಶುರುವಾದದ್ದೇ ಈಗ ಆತಂಕವನ್ನು ಹುಟ್ಟಿಸುತ್ತಿರುತ್ತದೆ.

ನಿದ್ದೆಯದ್ದೂ ಇದೇ ಕತೆ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಆದರೆ ಕನಸು ಬೀಳುವ ಹಂತದ ನಿದ್ದೆ ಕುಗ್ಗುತ್ತದೆ. ನಡುರಾತ್ರಿ ಮೂರಕ್ಕೆ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚುವುದಿಲ್ಲ. ಕನಸಿನ ನಿದ್ದೆ ಮನಸ್ಸಿನ ಕಹಿಯನ್ನು ಅರಗಿಸಿಕೊಳ್ಳಲು ಬೇಕಾದದ್ದು. ಪ್ರೀತಿ ಮುರಿದದ್ದಕ್ಕೆ, ಸಬ್ಜೆಕ್ಟ್ ಬ್ಯಾಕ್ ಉಳಿದದ್ದಕ್ಕೆ, ಕೆಲಸ ಹೋದದ್ದಕ್ಕೆ ಅಂತ ಕುಡಿಯುವವರಿಗೆ ತಿಂಗಳುಗಟ್ಟಲೆ ಆ ನೋವು ಹಸಿಯಾಗಿಯೇ ಉಳಿಯಲು ಇದೂ ಒಂದು ಕಾರಣ.

ಆತಂಕಕ್ಕೋ ನಿದ್ದೆಗೋ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಮೇಲೆ ಕುಡಿಯಲೇಬೇಡಿ. ಎರಡೂ ಸೇರಿದರೆ ಉಸಿರಾಟವೇ ನಿಲ್ಲಬಹುದು.

ಮೊದಲು ಬಂದದ್ದು ಡಿಪ್ರೆಶನ್ನಾ, ಕುಡಿತಾನಾ?

ಎರಡೂ ಆಗಬಹುದು. ಕುಡಿತವೇ ಖಿನ್ನತೆ ತಂದಿದ್ದರೆ, ಬಿಟ್ಟ ಮೂರು ನಾಲ್ಕು ವಾರಗಳಲ್ಲಿ ಮನಸ್ಸು ಬಹುಮಟ್ಟಿಗೆ ತಿಳಿಯಾಗುತ್ತದೆ. ಆಮೇಲೂ ಬೇಸರ, ನಿರಾಸಕ್ತಿ ಹಾಗೇ ಉಳಿದರೆ ಖಿನ್ನತೆ ಬೇರೆಯಾಗಿಯೇ ಇತ್ತು ಅಂತ ವೈದ್ಯರು ಅಂದಾಜು ಮಾಡುತ್ತಾರೆ. ಆದರೆ ಈ ಹುಡುಕಾಟ ವೈದ್ಯರದ್ದು. "ಮೊದಲು ಕುಡಿತ ಬಿಟ್ಟು ಬಾ, ಆಮೇಲೆ ಮನಸ್ಸಿನ ವಿಷಯ ನೋಡೋಣ" ಎಂದು ಯಾರಾದರೂ ವಾಪಸ್ ಕಳಿಸಿದರೆ ಬೇರೆ ಕಡೆ ಹೋಗಿ. ಸಾಯುವ ಯೋಚನೆ ಬರುತ್ತಿದ್ದರಂತೂ ನಾಲ್ಕು ವಾರ ಕಾದು ನೋಡುವ ಮಾತೇ ಇಲ್ಲ.

ಹರೆಯದಲ್ಲಿ ಕುಡಿದರೆ ಅಪಾಯ ಜಾಸ್ತಿ ಯಾಕೆ? ಚಿಕ್ಕ ವಯಸ್ಸು, ದೇಹ ತಡೆದುಕೊಳ್ಳುತ್ತೆ ಅಲ್ವಾ?

ದೇಹ ತಡೆದುಕೊಳ್ಳಬಹುದು, ಮೆದುಳು ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ. ಹಿಂದು ಮುಂದು ಯೋಚಿಸುವ, ಆಸೆಗೆ ತಡೆ ಹಾಕುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹೊತ್ತಿಗೆ. ಖುಷಿ ಬೇಡುವ ಭಾಗ ಅದಕ್ಕಿಂತ ಬಹಳ ಮೊದಲೇ ಚುರುಕಾಗಿರುತ್ತದೆ. ಈ ಅಂತರದಲ್ಲೇ ಚಟ ಬೇರು ಬಿಡುವುದು. ಅಮೆರಿಕದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, 15 ತುಂಬುವ ಮೊದಲೇ ಕುಡಿಯಲು ಶುರು ಮಾಡಿದವರು ಮುಂದೆ ಅವಲಂಬನೆಗೆ ಬೀಳುವ ಸಾಧ್ಯತೆ, 21ರ ಆಸುಪಾಸಿನಲ್ಲಿ ಶುರು ಮಾಡಿದವರಿಗಿಂತ ಸುಮಾರು ನಾಲ್ಕು ಪಟ್ಟು.

ಕರ್ನಾಟಕದ ನಿಯಮದಲ್ಲಿ ಮದ್ಯ ಕೊಳ್ಳಲು 21 ತುಂಬಿರಬೇಕು. 2023ರ ಆರಂಭದಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಬಂದಿತ್ತು. ಜನರಿಂದ ವಿರೋಧ ಬಂದ ಮೇಲೆ ಕೈಬಿಟ್ಟರು. ಒಳ್ಳೆಯದಾಯಿತು ಅಂತಲೇ ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಗುರುತಿನ ಚೀಟಿ ಕೇಳಿದರೆ ಇನ್ನೂ ಒಳ್ಳೆಯದು.

ಅಪ್ಪ ಕುಡಿಯುತ್ತಿದ್ದರು. ನನಗೂ ಬರುತ್ತದಾ?

ಅಪಾಯದಲ್ಲಿ ಸುಮಾರು ಅರ್ಧದಷ್ಟು ವಂಶದಿಂದ ಬರುತ್ತದೆ ಎಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಬಂದೇ ಬರುತ್ತದೆ ಅಂತ ಇದರ ಅರ್ಥವಲ್ಲ. ಆದರೆ ನಿಮ್ಮ ಪಕ್ಕದಲ್ಲಿ ಕೂತ ಗೆಳೆಯನಿಗೆ ಆಟವಾಗಿರುವುದು ನಿಮಗೆ ಆಟವಾಗದೇ ಹೋಗಬಹುದು. ಒಂದು ಸಂಗತಿ ಗಮನಿಸಿ: "ಎಷ್ಟು ಕುಡಿದರೂ ನನಗೆ ಏರೋದೇ ಇಲ್ಲ" ಅನ್ನುವುದು ಹೆಮ್ಮೆಯ ಮಾತಲ್ಲ. ಹಾಗೆ ಏರದವರೇ ಜಾಸ್ತಿ ಕುಡಿಯುತ್ತಾರೆ, ಅವರೇ ಮುಂದೆ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ.

ಇಂಥ ಮನೆಯಲ್ಲಿ ಬೆಳೆದ ಮಕ್ಕಳಿಗೆ ಕುಡಿಯದೆಯೂ ಗಾಯವಿರುತ್ತದೆ. ಸಂಜೆ ಗೇಟಿನ ಸದ್ದಿಗೆ ಮೈ ಬಿಗಿಯಾಗುವುದು ದೊಡ್ಡವರಾದ ಮೇಲೂ ಹೋಗಿರುವುದಿಲ್ಲ. ಅದಕ್ಕೂ ಆಪ್ತಸಮಾಲೋಚನೆ ಪಡೆಯಬಹುದು. ನೀವು ಕುಡಿಯುವವರೇ ಆಗಿರಬೇಕು ಅಂತೇನಿಲ್ಲ.

ನಿನ್ನೆ ರಾತ್ರಿ ಏನಾಯಿತು ಅಂತ ನೆನಪೇ ಇಲ್ಲ. ಮಾಮೂಲಾ?

ಮಾಮೂಲು ಅಂತ ನಗುತ್ತಾ ಹೇಳುವವರು ಬಹಳ. ಆದರೆ ಆ ಹೊತ್ತಿನಲ್ಲಿ ನಿಮ್ಮ ಮೆದುಳು ನೆನಪನ್ನು ದಾಖಲಿಸುವುದನ್ನೇ ನಿಲ್ಲಿಸಿತ್ತು. ಮರೆತುಹೋದದ್ದಲ್ಲ, ಉಳಿದೇ ಇಲ್ಲ. ಹೀಗೆ ಪದೇ ಪದೇ ಆಗುತ್ತಿದ್ದರೆ ಇದೇ ಸಾಕು, ವೈದ್ಯರ ಹತ್ತಿರ ಹೋಗಲು ಬೇರೆ ಕಾರಣ ಬೇಡ.

ನಾನು ಹುಡುಗಿ. ಯಾರಿಗೂ ಹೇಳಲಾಗುತ್ತಿಲ್ಲ.

2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕುಡಿಯುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಸಂಖ್ಯೆ ಚಿಕ್ಕದು ಅನ್ನುವ ಕಾರಣಕ್ಕೇ ನಿಮ್ಮ ಒಂಟಿತನ ದೊಡ್ಡದಾಗಿರುತ್ತದೆ. ಅಣ್ಣ ಕುಡಿದು ಬಂದರೆ ಬೈದು ಊಟ ಹಾಕುವ ಮನೆ, ತಂಗಿ ಕುಡಿದಳೆಂದರೆ ಅವಳ ನಡತೆಯ ಪ್ರಶ್ನೆ ಎತ್ತುತ್ತದೆ. ಹಾಗಾಗಿ ಹುಡುಗಿಯರು ಬಚ್ಚಿಟ್ಟು, ಪಿಜಿ ರೂಮಿನಲ್ಲಿ ಒಬ್ಬರೇ ಕುಡಿಯುತ್ತಾರೆ. ಹೆಣ್ಣಿನ ದೇಹದಲ್ಲಿ ನೀರಿನಂಶ ಕಡಿಮೆ. ಅಷ್ಟೇ ಕುಡಿದರೂ ರಕ್ತದಲ್ಲಿ ಆಲ್ಕೊಹಾಲ್ ಜಾಸ್ತಿ ಏರುತ್ತದೆ, ಲಿವರ್ ಬೇಗ ಕೆಡುತ್ತದೆ. ನಿಮ್ಮ ಹೆಸರು ಹೇಳದೆಯೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಮಾತಾಡಬಹುದು. ಶುರುವಿಗೆ ಅದು ಸಾಕು.

ಇವತ್ತಿನಿಂದಲೇ ಪೂರ್ತಿ ಬಿಟ್ಟುಬಿಡುತ್ತೇನೆ. ಸರಿ ತಾನೇ?

ಅಪರೂಪಕ್ಕೆ ಕುಡಿಯುವವರಾದರೆ ಸರಿ, ಬಿಟ್ಟುಬಿಡಿ. ದಿನವೂ ಕುಡಿಯುವವರಾದರೆ, ಬೆಳಿಗ್ಗೆ ಎದ್ದ ತಕ್ಷಣ ಬೇಕಾಗುವಷ್ಟು ಆಗಿದ್ದರೆ, ದಯವಿಟ್ಟು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಒಳ್ಳೆಯ ಮನಸ್ಸಿನಿಂದ ಬಿಡಲು ಹೊರಟು ಜೀವ ಕಳೆದುಕೊಂಡವರಿದ್ದಾರೆ.

ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ, ಚಡಪಡಿಕೆ ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿದಂತಾಗುತ್ತದೆ. ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಯಾರೋ ಕರೆದಂತೆ ಕೇಳುವುದು, ತಾನೆಲ್ಲಿದ್ದೇನೆ ಅಂತ ತಿಳಿಯದಿರುವುದು. ಮನೆಯವರು ಇದನ್ನು ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸಲು ಕರೆದುಕೊಂಡು ಹೋಗುವುದುಂಟು. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಇದು ಆಸ್ಪತ್ರೆಯಲ್ಲಿ ನೋಡಬೇಕಾದ ತುರ್ತು.

ಆಸ್ಪತ್ರೆಯಲ್ಲಿ ಕೆಲವು ದಿನ ಶಾಂತಗೊಳಿಸುವ ಮಾತ್ರೆ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ವಿಟಮಿನ್ ಬಿ1 ಕೊಡುತ್ತಾರೆ. ಊಟ ಬಿಟ್ಟು ಕುಡಿಯುವವರಲ್ಲಿ ಇದು ಖಾಲಿಯಾಗಿರುತ್ತದೆ. ಇದರ ಕೊರತೆ ನಡಿಗೆ, ಕಣ್ಣಿನ ಚಲನೆ, ನೆನಪಿನ ಶಕ್ತಿಯನ್ನೇ ಕೆಡಿಸಬಹುದು. ನಮ್ಮಲ್ಲಿ ಸುಸ್ತಾದರೆ "ಒಂದು ಬಾಟಲಿ ಗ್ಲೂಕೋಸ್ ಹಾಕಿ ಡಾಕ್ಟ್ರೇ" ಅನ್ನುವ ರೂಢಿ ಇದೆ. ಕುಡಿತದ ವಿಷಯ ಮುಚ್ಚಿಟ್ಟು ಹಾಗೆ ಕೇಳಬೇಡಿ. ಇಂಥವರಿಗೆ ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಹಾನಿಯಾಗಬಹುದು.

ಮಾಲೆ ಹಾಕಿದಾಗ ಮುಟ್ಟುವುದೇ ಇಲ್ಲ. ಹಾಗಾದರೆ ಅವನಿಗೆ ಚಟ ಇಲ್ಲ ತಾನೇ?

ಅಯ್ಯಪ್ಪನ ಮಾಲೆ ಹಾಕಿ, ಇಲ್ಲವೇ ಶ್ರಾವಣ ಅಂತ ತಿಂಗಳಿಡೀ ಬಿಡುವವರನ್ನು ನಾವೆಲ್ಲ ನೋಡಿದ್ದೇವೆ. ನಡುಕ, ಬೆವರು ಇಲ್ಲದೆ ಅಷ್ಟು ದಿನ ಇರಬಲ್ಲರೆಂದರೆ ದೇಹದ ಅವಲಂಬನೆ ತೀವ್ರವಾಗಿಲ್ಲ ಅನ್ನಬಹುದು. ಅದು ಒಳ್ಳೆಯ ಸುದ್ದಿ. ಮಾಲೆ ತೆಗೆದ ಸಂಜೆ ಏನಾಗುತ್ತದೆ ಅನ್ನುವುದನ್ನು ನೋಡಿ. ಬಿಟ್ಟ ದಿನಗಳ ಬಾಕಿಯನ್ನೆಲ್ಲ ಒಂದೇ ರಾತ್ರಿ ತೀರಿಸುವ ಹಾಗೆ ಕುಡಿದರೆ ಹಿಡಿತ ಇನ್ನೂ ಬಂದಿಲ್ಲ. ವ್ರತದ ಆ ದಿನಗಳು ಚಿಕಿತ್ಸೆ ಶುರು ಮಾಡಲು ತುಂಬಾ ಒಳ್ಳೆಯ ಕಾಲ. ತಲೆ ತಿಳಿಯಾಗಿರುತ್ತದೆ, ಮನೆಯಲ್ಲಿ ಜಗಳ ಇರುವುದಿಲ್ಲ, ಜೊತೆಗೆ ಸ್ವಾಮಿಗಳ ಗುಂಪಿನ ಬೆಂಬಲವೂ ಇರುತ್ತದೆ. ಮಾಲೆ ತೆಗೆಯುವ ಮೊದಲೇ ವೈದ್ಯರ ಭೇಟಿ ಗೊತ್ತು ಮಾಡಿಟ್ಟುಕೊಳ್ಳಿ.

ಮಗನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಕುಡಿತ ಬಿಡಿಸುವ ಪುಡಿ ಹಾಕಬಹುದಾ?

ಬೇಡ ಅಮ್ಮ. ಖಂಡಿತ ಬೇಡ.

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಹೀಗೆ ಗುಟ್ಟಾಗಿ ಕೊಡುವುದರಲ್ಲಿ ಹೆಚ್ಚಾಗಿ ಇರುವುದು ಡೈಸಲ್ಫಿರಾಮ್ ಎಂಬ ಔಷಧ. ಅದು ಆಲ್ಕೊಹಾಲ್ ದೇಹದಲ್ಲಿ ಪೂರ್ತಿ ಒಡೆಯದಂತೆ ತಡೆಯುತ್ತದೆ. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಏರಿ, ಬಿಪಿ ಕುಸಿಯುತ್ತದೆ. ಪ್ರಾಣ ಹೋಗಲೂಬಹುದು. ತಾನು ಏನು ನುಂಗಿದ್ದೇನೆ ಅಂತ ಗೊತ್ತಿರುವವರು, ಒಪ್ಪಿಕೊಂಡು, ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಂಡರೆ ಇದು ಕೆಲಸಕ್ಕೆ ಬರುವ ಔಷಧವೇ. ಗೊತ್ತಿಲ್ಲದವರಿಗೆ ಇದು ವಿಷ. ಒಂದು ದಿನ ಗುಟ್ಟು ರಟ್ಟಾದರೆ ಅವನು ಮನೆಯ ಊಟವನ್ನೇ ನಂಬುವುದಿಲ್ಲ.

ಚಿಕಿತ್ಸೆ ಅಂದರೆ ಏನು ಮಾಡುತ್ತಾರೆ? ಎಲ್ಲಿಗೆ ಹೋಗಬೇಕು?

ಎಲ್ಲರನ್ನೂ ದಾಖಲು ಮಾಡಿಕೊಳ್ಳುವುದಿಲ್ಲ. ಬಹಳ ಜನ ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯುತ್ತಾರೆ. ತುಡಿತ ಕಡಿಮೆ ಮಾಡುವ ಔಷಧಗಳಿವೆ. ನಾಲ್ಟ್ರೆಕ್ಸೋನ್ ಕುಡಿತ ಕೊಡುವ ಕಿಕ್ ಅನ್ನು ತಗ್ಗಿಸುತ್ತದೆ. ಅಕಾಂಪ್ರೊಸೇಟ್ ಬಿಟ್ಟ ಮೇಲಿನ ಚಡಪಡಿಕೆಯನ್ನು ತಣಿಸುತ್ತದೆ. ಯಾವುದು ಯಾರಿಗೆ ಅನ್ನುವುದನ್ನು ಲಿವರ್, ಕಿಡ್ನಿ ಪರೀಕ್ಷೆ ಮಾಡಿ ನಿರ್ಧರಿಸುತ್ತಾರೆ. ಮಾತ್ರೆಯ ಜೊತೆಗೆ ಆಪ್ತಸಮಾಲೋಚನೆ ಬೇಕೇ ಬೇಕು. ಯಾವ ಹೊತ್ತಿನಲ್ಲಿ, ಯಾರ ಜೊತೆ, ಏನು ನೆನಪಾದಾಗ ಕುಡಿಯಬೇಕು ಅನಿಸುತ್ತದೆ ಅಂತ ಅಲ್ಲಿ ಒಟ್ಟಿಗೆ ಕೂತು ಹುಡುಕುತ್ತಾರೆ. ಖಿನ್ನತೆಯೋ ಆತಂಕವೋ ಇದ್ದರೆ ಅದಕ್ಕೂ ಅಲ್ಲೇ ಚಿಕಿತ್ಸೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಷ್ಟು ದೂರ ಹೋಗಲೇಬೇಕು ಅಂತೇನಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲೂ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಯುತ್ತದೆ. ನಿಮ್ಮ ತಾಲೂಕಿನಲ್ಲಿ ಯಾವ ವಾರ ಅಂತ ಮೊದಲು ವಿಚಾರಿಸಿ. ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮೊದಲು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲೇ.

ಫೋನಿನಲ್ಲಿ ಮಾತಾಡಬೇಕೆಂದರೆ ಟೆಲಿ ಮಾನಸ್, 14416. ದಿನದ 24 ಗಂಟೆಯೂ, ಕನ್ನಡದಲ್ಲೇ, ಉಚಿತವಾಗಿ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಧರ್ಮಸ್ಥಳದವರ ಶಿಬಿರಕ್ಕೆ ಕಳಿಸಬಹುದಾ?

ಜನಜಾಗೃತಿ ವೇದಿಕೆಯ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಿಂದ ಎಷ್ಟೋ ಮನೆಗಳಲ್ಲಿ ದೀಪ ಉರಿಯುತ್ತಿದೆ. ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಗಳ ಮೂಲಕ ಸಂಪರ್ಕ ಇಟ್ಟುಕೊಳ್ಳುವುದು ಅದರ ದೊಡ್ಡ ಬಲ. ಎರಡು ಎಚ್ಚರಿಕೆ ಮಾತ್ರ. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಮೊದಲು ಆಸ್ಪತ್ರೆ, ಆಮೇಲೆ ಶಿಬಿರ. ಖಿನ್ನತೆ, ಭ್ರಮೆ, ಸಾಯುವ ಯೋಚನೆ ಇದ್ದವರಿಗೆ ಶಿಬಿರದ ಜೊತೆಗೆ ಮನೋವೈದ್ಯರೂ ಬೇಕು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ಹೀಗೆಯೇ, ಬಿಟ್ಟವರೇ ಬಿಡುವವರಿಗೆ ಆಸರೆಯಾಗುವ ಜಾಗ. ಅಲ್ಲಿ ಶುಲ್ಕವಿಲ್ಲ.

ಅವನು ಒಪ್ಪುತ್ತಿಲ್ಲ. ಎತ್ತಿಕೊಂಡು ಹೋಗಿ ಸೇರಿಸಬಹುದಾ?

ನಾಲ್ಕು ಜನರನ್ನು ಕಳಿಸಿ ಹಿಡಿದುಕೊಂಡು ಹೋಗುವ ಕೇಂದ್ರಗಳಿವೆ. ಅಂಥ ಕಡೆ ಮಕ್ಕಳನ್ನು ಬಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರನ್ನು ಸೇರಿಸಲು ಮನೋವೈದ್ಯರೂ ಸೇರಿ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು. ಸರಪಳಿ ಹಾಕುವುದನ್ನು ಕಾಯ್ದೆ ನಿಷೇಧಿಸಿದೆ. ಸೇರಿಸುವ ಮೊದಲು ಕೇಂದ್ರಕ್ಕೆ ನೋಂದಣಿ ಇದೆಯಾ, ವೈದ್ಯರು ದಿನಾ ಬರುತ್ತಾರಾ, ನೀವು ಬಂದು ನೋಡಲು ಬಿಡುತ್ತಾರಾ ಅಂತ ಕೇಳಿ. ಬಿಡುವುದಿಲ್ಲ ಅಂದರೆ ಹೊರಟು ಬನ್ನಿ.

ಮದುವೆ ಮಾಡಿದರೆ ಸರಿಹೋಗ್ತಾನೆ ಅಂತಾರೆ.

ಸರಿಹೋಗುವುದಿಲ್ಲ. ಇನ್ನೊಂದು ಮನೆಯ ಹುಡುಗಿಯ ಬಾಳು ಸೇರಿಕೊಳ್ಳುತ್ತದೆ, ಅಷ್ಟೇ.

ಮನೆಯಲ್ಲಿ ಹೇಗೆ ಮಾತು ಶುರು ಮಾಡೋದು?

ಕುಡಿದು ಬಂದ ರಾತ್ರಿ ಬೇಡ. ಆಗ ಆಡಿದ ಒಂದು ಮಾತೂ ಉಳಿಯುವುದಿಲ್ಲ. ಮಾರನೆಯ ದಿನ, ನೆಂಟರಿಷ್ಟರು ಇಲ್ಲದಾಗ, ಒಬ್ಬರು ಮಾತ್ರ ಕೂತು ಮಾತಾಡಿ. "ನೀನು ಕುಡುಕ ಆಗಿದ್ದೀಯ" ಅನ್ನುವುದಕ್ಕಿಂತ "ಮೂರು ವಾರದಿಂದ ನೀನು ಸರಿಯಾಗಿ ಮಲಗಿಲ್ಲ ಕಣೋ, ಏನಾಗುತ್ತಿದೆ?" ಅಂತ ಕೇಳಿ. ಕಂಡದ್ದನ್ನು ಹೇಳಿ, ತೀರ್ಪು ಕೊಡಬೇಡಿ. ದೊಡ್ಡಪ್ಪನ ಮಗನ ಉದಾಹರಣೆ ತರಲೇಬೇಡಿ. ಅವನ ಸಾಲ ತೀರಿಸುವುದು, ಆಫೀಸಿಗೆ ಜ್ವರ ಅಂತ ಸುಳ್ಳು ಹೇಳುವುದು ನಿಲ್ಲಿಸಿ, ಆದರೆ ಊಟ ನಿಲ್ಲಿಸಬೇಡಿ, ಮಾತು ಬಿಡಬೇಡಿ. "ಡಾಕ್ಟರ್ ಹತ್ತಿರ ಹೋಗು" ಅನ್ನುವುದಕ್ಕಿಂತ "ಬಾ, ನಾನೂ ಬರ್ತೀನಿ" ಅನ್ನುವುದು ಹೆಚ್ಚು ಸಲ ಕೆಲಸ ಮಾಡುತ್ತದೆ.

ಕುಡಿದಾಗ ಸಾಯ್ತೀನಿ ಅಂತಾನೆ. ನಿಜವಾಗಿ ಹೇಳ್ತಾನಾ, ಸುಮ್ನೆ ಹೆದರಿಸ್ತಾನಾ?

ಪ್ರತಿ ಸಲವೂ ನಿಜ ಅಂತಲೇ ತೆಗೆದುಕೊಳ್ಳಿ. ಕುಡಿತ ನೋವನ್ನು ದೊಡ್ಡದು ಮಾಡುತ್ತದೆ, ತಡೆಯುವ ಬುದ್ಧಿಯನ್ನು ಚಿಕ್ಕದು ಮಾಡುತ್ತದೆ. ಅಮಲಿನಲ್ಲಿ ತೆಗೆದುಕೊಂಡ ನಿಮಿಷದ ನಿರ್ಧಾರಕ್ಕೆ ಹೋದ ಜೀವಗಳು ಬಹಳ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆಯನ್ನು ತಲೆಗೆ ಹಾಕಿದಂತಾಗುವುದಿಲ್ಲ, ಬದಲಿಗೆ ಒಳಗಿನದ್ದು ಹೊರಗೆ ಬರುತ್ತದೆ. ಹೊಲಕ್ಕೆ ಹೊಡೆಯುವ ಔಷಧಿ, ಮಾತ್ರೆಗಳನ್ನು ಮನೆಯಿಂದ ಆಚೆ, ಬೀಗದಲ್ಲಿಡಿ. ಆ ರಾತ್ರಿ ಒಬ್ಬರು ಜೊತೆಯಲ್ಲೇ ಇರಿ. 14416 ಅಥವಾ 108ಕ್ಕೆ ಕರೆ ಮಾಡಿ. ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ಹೋಗದೆ ಇರಬೇಡಿ. ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ 2017ರ ಕಾಯ್ದೆ ಭಾವಿಸುತ್ತದೆ.

ಚಿಕಿತ್ಸೆಗೆ ಹೋದರೆ ಕಾಲೇಜಿಗೆ, ಕಂಪನಿಗೆ ಗೊತ್ತಾಗುತ್ತದಾ?

ವೈದ್ಯರು ಗುಟ್ಟು ಕಾಪಾಡಲೇಬೇಕು, ಅದು ಕಾನೂನು ನಿಮಗೆ ಕೊಟ್ಟ ಹಕ್ಕು. ಈ ಅಂಜಿಕೆಯಿಂದ ಎಷ್ಟು ಜನ ಹಿಂದೆ ಸರಿಯುತ್ತಾರೆ ಅಂದರೆ, 2019ರ ಆ ಸಮೀಕ್ಷೆಯಲ್ಲಿ ಅವಲಂಬನೆ ಇದ್ದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ದೂರ, ಖರ್ಚು, ಮಾಹಿತಿ ಇಲ್ಲದಿರುವುದೂ ಕಾರಣವೇ. ಆದರೆ ನಾಚಿಕೆಯ ಪಾಲು ದೊಡ್ಡದು ಅಂತ ನನಗನಿಸುತ್ತದೆ.

ಮೂರು ತಿಂಗಳು ಬಿಟ್ಟಿದ್ದೆ. ಮೊನ್ನೆ ಮತ್ತೆ ಕುಡಿದುಬಿಟ್ಟೆ.

ಆ ಮೂರು ತಿಂಗಳು ಎಲ್ಲಿಗೂ ಹೋಗಿಲ್ಲ. ನಿದ್ದೆ ಸುಧಾರಿಸಿತ್ತು, ಲಿವರ್ ಚೇತರಿಸಿಕೊಂಡಿತ್ತು, ಬಿಡಬಲ್ಲೆ ಅಂತ ನಿಮಗೇ ಗೊತ್ತಾಯಿತು. ಮತ್ತೆ ಜಾರುವುದು ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯ. "ಹೇಗೂ ಕೆಟ್ಟಿತು" ಅಂತ ಎರಡನೆಯ ದಿನವೂ ಕುಡಿಯುವುದೇ ನಿಜವಾದ ಅಪಾಯ. ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ. ಹಳೆಯ ಅಳತೆ ಈಗ ಜೀವಕ್ಕೇ ಬರಬಹುದು. ವೈದ್ಯರಿಗೆ ಫೋನ್ ಮಾಡಿ, ಮುಂದಿನ ಭೇಟಿಯವರೆಗೆ ಕಾಯಬೇಡಿ.

ಬೇಡ ಅಂದರೂ ಫ್ರೆಂಡ್ಸ್ ಬಿಡಲ್ಲ. ಏನು ಹೇಳಲಿ?

ಉದ್ದದ ಕಾರಣ ಕೊಡಬೇಡಿ. ಪ್ರತಿ ಕಾರಣಕ್ಕೂ ಅವರ ಹತ್ತಿರ ಒಂದು ಉತ್ತರ ಇರುತ್ತದೆ. "ಇಲ್ಲ ಮಗಾ, ಬಿಟ್ಟಿದ್ದೀನಿ" ಅಂತ ಹೇಳಿ ಮಾತು ಬದಲಿಸಿ. ಕೈಯಲ್ಲಿ ಸೋಡಾನೋ ಜ್ಯೂಸೋ ಇರಲಿ, ಖಾಲಿ ಕೈ ಕಂಡರೆ ಗ್ಲಾಸ್ ತುಂಬುವವರು ಬರುತ್ತಾರೆ. ಒಬ್ಬ ಗೆಳೆಯನಿಗೆ ಮೊದಲೇ ವಿಷಯ ಹೇಳಿಟ್ಟಿರಿ, ಪಾರ್ಟಿಯಲ್ಲಿ ಅವನು ನಿಮ್ಮ ಪರವಾಗಿ ನಿಲ್ಲುತ್ತಾನೆ. ಮೊದಲ ಕೆಲವು ತಿಂಗಳು ಬಾರ್‌ನಲ್ಲಿ ನಡೆಯುವ ಪಾರ್ಟಿಗೆ ಹೋಗದಿದ್ದರೇ ಒಳ್ಳೆಯದು. ಟ್ರೀಟ್ ಕೊಡುವ ಸರದಿ ನಿಮ್ಮದಾದಾಗ ಬೆಳಗಿನ ತಿಂಡಿಗೆ ಕರೆಯಿರಿ, ತಟ್ಟೆ ಇಡ್ಲಿಯೋ ಬೆಣ್ಣೆ ದೋಸೆಯೋ. ನಿಜವಾಗಿ ನಿಮಗೋಸ್ಕರ ಬರುವವರು ಏಳು ಗಂಟೆಗೂ ಎದ್ದು ಬರುತ್ತಾರೆ.